ಮೊದಲು ಕಂಡವರ ಲೆಕ್ಕ

2004ರ ಜನವರಿಯಲ್ಲಿ ಆರಂಭವಾದ ಆರ್ಕುಟ್ ಎಂಬ ಜಾಲತಾಣದಲ್ಲಿ ಸ್ನೇಹಿತರು ಒಬ್ಬರಿಗೊಬ್ಬರು ಅಂಕ ಕೊಡುವ ಏರ್ಪಾಡೊಂದಿತ್ತು. ನಂಬಿಕಸ್ಥರೆನ್ನಲು ನಗುಮುಖ, ಆಕರ್ಷಕರೆನ್ನಲು ಹೃದಯ, 'ಕೂಲ್' ಎನ್ನಲು ಮಂಜುಗಡ್ಡೆಯ ತುಂಡು. ಒಂದೊಂದರಲ್ಲಿಯೂ ಹೆಚ್ಚೆಂದರೆ ಮೂರು. ಓರಗೆಯವರ ನಡುವೆ ಅದುವರೆಗೆ ಪಿಸುಮಾತಿನಲ್ಲಿದ್ದ ಮರ್ಯಾದೆಯ ಲೆಕ್ಕವು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಹುಡುಗ ಹುಡುಗಿಯರ ಕಣ್ಣಿಗೆ ಚಿತ್ರವಾಗಿ ಬಿದ್ದದ್ದು ಹೀಗೆ. ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಒಂದೇ ಕುರ್ಚಿಗೆ ಇಬ್ಬರು ಒತ್ತಿಕೊಂಡು ಕುಳಿತು, ತಮಗೆ ಎಷ್ಟು ಮಂಜುಗಡ್ಡೆ ಸಂದಿದೆಯೆಂದು ನೋಡುತ್ತಿದ್ದವರು ಇಂದು ನಲವತ್ತರ ಹತ್ತಿರ ಬಂದಿದ್ದಾರೆ.

ಮುಂದೆ ಬರಲಿರುವ ಹೊಸತನ್ನು ಎಲ್ಲರಿಗಿಂತ ಮೊದಲು ಗುರುತಿಸಿದವರು ಯಾರು ಎಂಬ ಪೈಪೋಟಿ ಎಳೆಯರಲ್ಲಿ ಅದಕ್ಕೂ ಹಿಂದಿನಿಂದ ಇದೆ. ಅದು ಅಂತರಜಾಲಕ್ಕೆ ಏರಿದ ಮೇಲೆ ಏನಾಯಿತು, ಅದರ ದಾಖಲೆ ಯಾರ ಕೈಯಲ್ಲಿ ಉಳಿಯಿತು ಎಂಬುದನ್ನು ನಮ್ಮ ಈ ನಾಲ್ಕು ಊರುಗಳ ಮಟ್ಟಿಗೆ ಪರಿಶೀಲಿಸುವುದು ಈ ಬರಹದ ಉದ್ದೇಶ. ವಿಷಯ ಹಗುರವೆಂದು ಕೆಲವರಿಗೆ ತೋರಬಹುದು. ಅರಸರ ಕಿರೀಟದ ಹರಳುಗಳನ್ನು ಎಣಿಸುವ ಇತಿಹಾಸಕ್ಕೆ ನಾವು ತೂಕ ಕೊಡುತ್ತೇವೆ. ಹದಿನೈದರ ಹುಡುಗನ ಜೀನ್ಸಿನ ಬಣ್ಣಕ್ಕೆ ಕೊಡುವುದಿಲ್ಲ. ಆ ಬಣ್ಣದ ಹಿಂದೆ ಒಂದು ನದಿ ಕೆಟ್ಟಿದೆ.

ಮೊದಲು ಹಳಿಯ ಮಾತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು 34 ಕಿಲೋಮೀಟರ್ ಓಡಿ ಥಾಣೆ ಸೇರಿತು. ಮರುವರ್ಷ ಹಳಿ ಕಲ್ಯಾಣಕ್ಕೆ ಮುಟ್ಟಿತು. ನವಿಮುಂಬಯಿ ತೀರ ಈಚಿನದು. ಸಿಡ್ಕೋ ಸ್ಥಾಪನೆಯಾದದ್ದು 1970ರಲ್ಲಿ, ಖಾರಿಯನ್ನು ದಾಟಿ ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ. ಈ ಊರುಗಳಿಗೆ ಹಾಲು, ಪತ್ರಿಕೆ, ಸಂಬಳಗಳಂತೆ ಹೊಸತೂ ಹಳಿಯ ಮೇಲೆಯೇ ಬಂತು. ಚರ್ಚ್‌ಗೇಟಿನ ಕಾಲೇಜಿಗೆ ಪಾಸು ಮಾಡಿಸಿದ ಅಣ್ಣನೋ ಅಕ್ಕನೋ ಫ್ಯಾಷನ್ ಸ್ಟ್ರೀಟಿನ ಅಂಗಡಿಸಾಲಿನಲ್ಲಿ ಕಂಡದ್ದನ್ನು ಸಂಜೆಯ ಗಾಡಿಯಲ್ಲಿ ತಂದರೆ, ಅದು ಡೊಂಬಿವಲಿಯ ಚಾಳಿನಲ್ಲಿ ಸುದ್ದಿಯಾಗುತ್ತಿತ್ತು. ಹೊಸತನ್ನು ಮೊದಲು ಕಾಣುವ ಹಕ್ಕು ರೈಲಿನ ಪಾಸಿಗೆ ಅಂಟಿಕೊಂಡಿತ್ತು. ಪೇಟೆಯಲ್ಲಿ ಹಳತಾದದ್ದು ಇಲ್ಲಿ ಹೊಸತು. ಆ ಅಂತರವೇ ನಮ್ಮ ಊರುಗಳ ಮಕ್ಕಳಿಗೆ ಅಂಟಿದ ಹೀಗಳಿಕೆ. 'ಡೊಂಬಿವಲಿಯವನು' ಎನ್ನುವುದರಲ್ಲಿ ಒಂದು ಕೊಂಕು ಇರುತ್ತಿತ್ತು. ಜರ್ಮನಿಯ ಸಮಾಜಶಾಸ್ತ್ರಜ್ಞ ಜಾರ್ಜ್ ಸಿಮ್ಮೆಲ್ 1904ರಲ್ಲಿ ಫ್ಯಾಷನ್ನಿನ ಕುರಿತು ಬರೆಯುತ್ತ, ಮೇಲಿನವರನ್ನು ಕೆಳಗಿನವರು ಅನುಕರಿಸುತ್ತಾರೆ, ಅನುಕರಣೆ ಮುಟ್ಟಿದೊಡನೆ ಮೇಲಿನವರು ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ ಎಂದು ವಿವರಿಸಿದ್ದ. ಸೆಂಟ್ರಲ್ ರೈಲ್ವೆಯ ನಕಾಶೆ ಹಿಡಿದರೆ ಆ ವಿವರಣೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಓದಲು ಸಿಗುತ್ತದೆ.

ಆದರೆ ಕಲ್ಯಾಣದ ಮಗ್ಗುಲಲ್ಲೇ ಈ ನಿಯಮವನ್ನು ಅಣಕಿಸುವ ಊರೊಂದು ಬೆಳೆದಿತ್ತು. ದೇಶವಿಭಜನೆಯ ನಂತರ ಸಿಂಧದಿಂದ ಬಂದ 90,000ಕ್ಕೂ ಹೆಚ್ಚು ನಿರಾಶ್ರಿತರನ್ನು ಕಲ್ಯಾಣದ ಸೈನಿಕ ಶಿಬಿರಗಳಲ್ಲಿ ಇರಿಸಲಾಯಿತು. 1949ರಲ್ಲಿ ಆ ಶಿಬಿರಗಳಿಗೆ ಉಲ್ಲಾಸನಗರವೆಂದು ಹೆಸರಾಯಿತು. ಎಲ್ಲವನ್ನೂ ಕಳೆದುಕೊಂಡು ಬಂದವರು ಕೈಗೆ ಸಿಕ್ಕ ವಸ್ತುವಿನ ಪಡಿಯಚ್ಚು ತೆಗೆದು ಬದುಕು ಕಟ್ಟಿದರು. 'ಮೇಡ್ ಇನ್ ಯು.ಎಸ್.ಎ.' ಎಂಬ ಚೀಟಿಯ ಪೂರ್ಣರೂಪ 'ಉಲ್ಲಾಸನಗರ ಸಿಂಧಿ ಅಸೋಸಿಯೇಷನ್' ಎಂಬ ನಗೆಮಾತು ಮುಂಬಯಿಯಲ್ಲಿ ಕೇಳದವರಿಲ್ಲ. ಅಲ್ಲಿ ಜೀನ್ಸ್ ತಯಾರಿಕೆ ದೊಡ್ಡ ಉದ್ಯಮವಾಯಿತು. ಅಮೆರಿಕದ ಹೆಸರುಳ್ಳ ಕಂಪನಿಯ ಪ್ಯಾಂಟು ಪೇಟೆಯ ಗಾಜಿನಂಗಡಿಯಲ್ಲಿ ತೂಗುತ್ತಿರುವಾಗಲೇ ಅದರ ತದ್ರೂಪ ಉಲ್ಲಾಸನಗರದ ಹೊಲಿಗೆ ಯಂತ್ರದಿಂದ ಇಳಿಯುತ್ತಿತ್ತು. ಕಲ್ಯಾಣದ ಹುಡುಗರಿಗೆ ಇದೊಂದು ಅನುಕೂಲ. ಚರ್ಚ್‌ಗೇಟಿಗೆ ಹೋಗದೆ, ಹಿಂದಿನ ಬಾಗಿಲಿನಿಂದ ಹೊಸತನ್ನು ಕಾಣುವ ದಾರಿ ಅದು. ಮುಂದಿನ ವರ್ಷ ಏನು ಓಡುತ್ತದೆ ಎಂಬುದನ್ನು ಅಲ್ಲಿನ ದರ್ಜಿಗಳು ಊಹಿಸಲೇಬೇಕಿತ್ತು. ಊಹೆ ತಪ್ಪಿದರೆ ಥಾನುಗಟ್ಟಲೆ ಬಟ್ಟೆ ಉಳಿದುಹೋಗುತ್ತಿತ್ತು. ಹೊಸತನ್ನು ಮುಂಗಾಣುವ ಪೈಪೋಟಿಯಲ್ಲಿ ಕೈಯಿಂದ ದುಡ್ಡು ಹಾಕಿ ಆಡಿದವರು ನಮ್ಮ ಸೀಮೆಯಲ್ಲಿ ಮೊದಲಿಗೆ ಅವರೇ ಎಂದು ನಮ್ಮ ಅಭಿಪ್ರಾಯ.

1991ರಲ್ಲಿ ಸ್ಟಾರ್ ವಾಹಿನಿಗಳು, 1994ರಲ್ಲಿ ಚಾನೆಲ್ ವಿ, 1996ರಲ್ಲಿ ಎಂಟಿವಿ ಇಂಡಿಯಾ ಬಂದವು. ಕೇಬಲ್ಲಿನವನು ತಾರಸಿಯಿಂದ ತಾರಸಿಗೆ ತಂತಿ ಎಳೆದದ್ದರಿಂದ ಕೊಲಾಬಾಕ್ಕೂ ಕಲ್ಯಾಣಕ್ಕೂ ಒಂದೇ ಕ್ಷಣದಲ್ಲಿ ಅದೇ ಚಿತ್ರ ಕಾಣತೊಡಗಿತು. ಕಾಣುವುದರಲ್ಲಿ ಮುಂದೆ ಹಿಂದೆ ಎಂಬುದು ಹೋಯಿತು. ಕಂಡದ್ದನ್ನು ತೊಟ್ಟು ತೋರಿಸುವುದರಲ್ಲಿ ಉಳಿಯಿತು. ತೋರಿಸಲು ಡೊಂಬಿವಲಿಯಲ್ಲಿ ಒಂದು ಬೀದಿಯಿದೆ. ನರಕಚತುರ್ದಶಿಯ ಬೆಳಗ್ಗೆ ಅಭ್ಯಂಗ ಮುಗಿಸಿ, ಗಣೇಶ ಮಂದಿರಕ್ಕೆ ಕೈಮುಗಿದು, ಫಡ್ಕೆ ರಸ್ತೆಯಲ್ಲಿ ಎಳೆಯರು ಸೇರುವ ಪದ್ಧತಿ ಹಳೆಯದು. ಥಾಣೆಯಲ್ಲಿ ರಾಮ ಮಾರುತಿ ರಸ್ತೆ ಮತ್ತು ತಲಾವ್ ಪಾಳಿಯಲ್ಲಿ ಅದೇ ನೋಟ. 1999ರಿಂದ ಯುಗಾದಿಯ ಶೋಭಾಯಾತ್ರೆಯೂ ಡೊಂಬಿವಲಿಯಲ್ಲಿ ಆರಂಭವಾಗಿ, ಬೇರೆ ಊರುಗಳಿಗೆ ಹಬ್ಬಿತು. ಮೂಗಿನ ನತ್ತು, ಒಂಬತ್ತು ಗಜದ ಸೀರೆ, ತಂಪು ಕನ್ನಡಕ, ಬುಲೆಟ್ ಮೋಟಾರುಸೈಕಲ್ಲು ಈ ನಾಲ್ಕೂ ಒಂದೇ ಚಿತ್ರದಲ್ಲಿ ಕೂಡಿಬರುವ ವೇಷ ಇಂಥ ಮೆರವಣಿಗೆಗಳಿಂದಲೇ ಪ್ರಚಾರಕ್ಕೆ ಬಂತು. ಪೇಟೆಯಿಂದ ಬಂದದ್ದನ್ನು ಅನುಕರಿಸುತ್ತಿದ್ದ ಊರಿನಿಂದ ಪೇಟೆಯೇ ಅನುಕರಿಸಬಹುದಾದ ವೇಷ ಹೊರಟಿತು. ಸಿಮ್ಮೆಲ್ ಇದನ್ನು ಹೇಗೆ ವಿವರಿಸುತ್ತಿದ್ದನೋ!

ಇದೇ ಕಾಲದಲ್ಲಿ ಅಮೆರಿಕದಲ್ಲಿ ಎಳೆಯರ ಈ ಕಣ್ಣಿಗೆ ಬೆಲೆ ಕಟ್ಟುವ ವ್ಯವಹಾರ ಬೇರೂರಿತ್ತು. ಮಾಲ್ಕಮ್ ಗ್ಲ್ಯಾಡ್‌ವೆಲ್ 1997ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬರೆದ ಲೇಖನದಿಂದ ಕೂಲ್‌ಹಂಟರ್ ಎಂಬ ಕಸುಬಿನವರು ಜಗತ್ತಿಗೆ ಪರಿಚಿತರಾದರು: ಬೀದಿಗಳಲ್ಲಿ ಅಲೆದು, ಯಾವ ಹುಡುಗ ಯಾವ ಬೂಟನ್ನು ಹೇಗೆ ತೊಟ್ಟಿದ್ದಾನೆಂದು ನೋಡಿ ಕಂಪನಿಗಳಿಗೆ ವರದಿ ಕೊಡುವವರು. ಆ ಲೇಖನದಲ್ಲಿ ಬಂದ ಡೀಡೀ ಗಾರ್ಡನ್, ಶಾರನ್ ಲೀ ಎಂಬವರೊಡನೆ ಸೇರಿ 1999ರಲ್ಲಿ ಲುಕ್-ಲುಕ್ ಎಂಬ ಸಂಸ್ಥೆ ಕಟ್ಟಿ, ಹದಿಹರೆಯದವರನ್ನೇ ಅಂತರಜಾಲದ ಮೂಲಕ ವರದಿಗಾರರನ್ನಾಗಿ ಮಾಡಿಕೊಂಡಳು. 2001ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಟ್ರೆಮರ್ ಎಂಬ ಹೆಸರಿನಲ್ಲಿ ಲಕ್ಷಾಂತರ ಹದಿಹರೆಯದವರ ಬಳಗ ಕಟ್ಟಿ, ಹೊಸ ಸರಕಿನ ಸುದ್ದಿಯನ್ನು ಅವರ ಬಾಯಿಂದಲೇ ಹಬ್ಬಿಸಿತು. ಅಲ್ಲಿನ ಮಕ್ಕಳಿಗೆ ಕಾಸೋ ಉಡುಗೊರೆಯೋ ಸಿಗುತ್ತಿತ್ತು. ತಾವೊಂದು ಕೆಲಸ ಮಾಡುತ್ತಿದ್ದೇವೆ ಎಂಬ ಅರಿವಾದರೂ ಇತ್ತು. ನಮ್ಮಲ್ಲಿ ಆ ಕೆಲಸ ಆಟವಾಗಿ ಬಂದದ್ದರಿಂದ ಕೂಲಿಯ ಪ್ರಶ್ನೆಯೇ ಏಳಲಿಲ್ಲ.

ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದಾಗ ಅದು ಕೆಲವೇ ಮನೆಗಳ ಸೊತ್ತು. ಅನಂತರದ ಹತ್ತು ವರ್ಷಗಳಲ್ಲಿ ಸ್ಟೇಷನ್ನಿನ ಸುತ್ತ ಹುಟ್ಟಿದ ಸೈಬರ್ ಕೆಫೆಗಳು ಅದನ್ನು ಗಂಟೆಯ ಲೆಕ್ಕದಲ್ಲಿ ಮಾರಿದವು. ಆರ್ಕುಟ್ ಬಂದಾಗ ಅದಕ್ಕೆ ಆಹ್ವಾನವಿಲ್ಲದೆ ಪ್ರವೇಶವಿರಲಿಲ್ಲ. ಆಹ್ವಾನ ಸಿಕ್ಕಿದ್ದೇ ಒಂದು ಗತ್ತು. ಯಾರ ಸಮುದಾಯಪುಟಕ್ಕೆ ಹೆಚ್ಚು ಸದಸ್ಯರು, ಯಾರು ಹೊಸ ಹಾಡಿನ ಸುದ್ದಿಯನ್ನು ಮೊದಲು ಹಾಕಿದರು ಎಂಬ ಸ್ಪರ್ಧೆ ಅಲ್ಲಿ ನಡೆಯಿತು. 2011ರಲ್ಲಿ ಸರಕಾರ ಸೈಬರ್ ಕೆಫೆಗಳಿಗೆ ನಿಯಮ ಮಾಡಿ, ಬಂದವರ ಗುರುತು ಚೀಟಿ ನೋಡಿ ಹೆಸರು ಬರೆದುಕೊಳ್ಳಬೇಕು, ಆ ವಹಿಯನ್ನು ಕನಿಷ್ಠ ಒಂದು ವರ್ಷ ಕಾಪಿಡಬೇಕು ಎಂದಿತು. ಒಂದು ವರ್ಷವಾದ ಮೇಲೆ ಆ ವಹಿಗಳು ರದ್ದಿಯ ಅಂಗಡಿ ಸೇರಿದ್ದರೆ ಆಶ್ಚರ್ಯವಿಲ್ಲ. ನಮ್ಮ ಊರುಗಳಲ್ಲಿ ಯಾವ ಎಳೆಯರು ಯಾವ ದಿನ ಎಷ್ಟು ಹೊತ್ತು ಅಂತರಜಾಲದ ಮುಂದೆ ಕುಳಿತಿದ್ದರೆಂಬ ಕೈಬರಹದ ದಾಖಲೆ ಅದಾಗಿತ್ತು.

ಇಲ್ಲಿ ಮಾತಿನ ಬಗ್ಗೆ ಒಂದು ಮಾತು. ಕರಾವಳಿಯಿಂದ ಬಂದ ನಮ್ಮ ಮನೆಗಳಲ್ಲಿ ಚೆನ್ನಾದುದಕ್ಕೆ 'ಲಾಯ್ಕ್' ಎನ್ನುವುದು ರೂಢಿ. ಯೋಗ್ಯವೆಂಬ ಅರ್ಥದ ಅರಬ್ಬಿ-ಪಾರಸಿಯ ಲಾಯಕ್ಕೇ ನಮ್ಮಲ್ಲಿ ಹಾಗೆ ಮೆದುವಾಯಿತು. ಬೀದಿಗಿಳಿದರೆ ಮರಾಠಿಯ 'ಭಾರೀ', ಮುಂಬಯಿ ಹಿಂದಿಯ 'ಝಕಾಸ್'. ಫೇಸ್‌ಬುಕ್ಕಿನ ಹೆಬ್ಬೆರಳು ಬಂದಾಗ ಅಜ್ಜಿಯ ಲಾಯ್ಕ್ ಮತ್ತು ಮೊಮ್ಮಗಳ ಲೈಕ್ ಒಂದೇ ಪದವೆಂದು ನಂಬಿದವರು ನಮ್ಮಲ್ಲಿದ್ದರು, ಅವರನ್ನು ತಿದ್ದುವ ಉಮೇದು ನಮಗಾಗಲಿಲ್ಲ. 'ಝಕಾಸ್' ಎಂದವರು ಇಂದು ಹಳಬರಾಗಿ ಕಾಣುತ್ತಾರೆ. ಹೊಸತನ್ನು ಹೊಗಳುವ ಪದಗಳೇ ಎಲ್ಲಕ್ಕಿಂತ ಬೇಗ ಮುಪ್ಪಾಗುತ್ತವೆ. 'ಲಾಯ್ಕ್' ಮಾತ್ರ ಎಂದೂ ಫ್ಯಾಷನ್ನಿನಲ್ಲಿ ಇರದಿದ್ದುದರಿಂದ ಹಾಗೆಯೇ ಉಳಿದಿದೆ.

ಪೈಪೋಟಿ ಕೆಫೆಯಿಂದ ಕಿಸೆಗೆ ಇಳಿದದ್ದರ ಮೂಲವೂ ನಮ್ಮ ಹತ್ತಿರದಲ್ಲೇ ಇದೆ. ಥಾಣೆ-ಬೇಲಾಪುರ ರಸ್ತೆಯ ಘಣಸೋಲಿಯಲ್ಲಿರುವ ರಿಲಯನ್ಸ್ ಆವರಣ ಜಿಯೋ ಜಾಲದ ಕೇಂದ್ರ. 2016ರ ಸೆಪ್ಟೆಂಬರ್ 5ರಂದು ಆರಂಭವಾದ ಜಿಯೋ ಮೊದಲ ತಿಂಗಳುಗಳಲ್ಲಿ ಅಂತರಜಾಲವನ್ನು ಪುಕ್ಕಟೆಯಾಗಿ ಕೊಟ್ಟಿತು. ಮರುವರ್ಷದ ಫೆಬ್ರವರಿಯ ಹೊತ್ತಿಗೆ ಅದರ ಗ್ರಾಹಕರು 10 ಕೋಟಿ ದಾಟಿದರು. ಅಲ್ಲಿಯವರೆಗೆ ಈ ಆಟ ಬಿಡುವಿದ್ದವರದು. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿಂದಿನ ತಲೆಮಾರಿನ ಹುಡುಗರಿಗೆ ಯಾವ ಮಂಜುಗಡ್ಡೆಯೂ ಸಲ್ಲುತ್ತಿರಲಿಲ್ಲ. ಈಗ ಕ್ಯಾಂಟೀನಿನಲ್ಲಿ ಲೋಟ ತೊಳೆಯುವವನ ಕೈಗೂ ಅದೇ ಗಾಜಿನ ಫಲಕ ಬಂತು. 2018ರ ಆಗಸ್ಟಿನಲ್ಲಿ ಮ್ಯೂಸಿಕಲಿ ಎಂಬ ತಾಣವನ್ನು ಒಳಗೊಂಡು ಬೆಳೆದ ಟಿಕ್‌ಟಾಕ್ ಅವನಿಗೆ ವೇದಿಕೆಯಾಯಿತು. ಅದರ ವಿಶೇಷವೆಂದರೆ ಗೆಳೆಯರ ಬಳಗ ಎಷ್ಟು ದೊಡ್ಡದು ಎಂಬುದಕ್ಕಿಂತ ವಿಡಿಯೋವನ್ನು ಜನ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಅಲ್ಲಿ ಬೆಲೆ. ಪರಿಚಯವಿಲ್ಲದವನೂ ಒಂದೇ ರಾತ್ರಿಯಲ್ಲಿ ಪರಿಚಿತನಾಗಬಹುದು. ಇದನ್ನು ಕಂಡು ಇಂಗ್ಲಿಷ್ ಶಾಲೆಯ ಮಕ್ಕಳು ಮೂಗು ಮುರಿದರು. 2020ರ ಮೇ ತಿಂಗಳಲ್ಲಿ ಯೂಟ್ಯೂಬಿನವರಿಗೂ ಟಿಕ್‌ಟಾಕಿನವರಿಗೂ ನಡೆದ ಜಗಳ ಹೊರನೋಟಕ್ಕೆ ಎರಡು ಕಂಪನಿಗಳ ಬೆಂಬಲಿಗರದು. ಒಳಗೆ ಅದು ಅಭಿರುಚಿಯ ಹೆಸರಿನಲ್ಲಿ ನಡೆದ ಅಂತಸ್ತಿನ ಜಗಳವೆಂದೇ ನಾವು ಓದಿದ್ದೇವೆ.

ಅದೇ ಜೂನ್ 29ರಂದು ಸರಕಾರ ಟಿಕ್‌ಟಾಕ್ ಸೇರಿ 59 ತಂತ್ರಾಂಶಗಳನ್ನು ನಿಷೇಧಿಸಿತು. ಹತ್ತು ದಿನ ಕಳೆಯುವ ಮೊದಲೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಆರಂಭಿಸಿತು. ಆಟ ನಿಲ್ಲಲಿಲ್ಲ, ಅಂಗಳ ಬದಲಾಯಿತು. ಈಗಿನ ಆಟದ ರೀತಿ ಹೀಗೆ: ಒಂದು ಧ್ವನಿತುಣುಕನ್ನು ಎಷ್ಟು ಜನ ಬಳಸಿದ್ದಾರೆಂದು ಅದರ ಕೆಳಗೇ ಕಾಣುತ್ತದೆ, ಏರುತ್ತಿದ್ದರೆ ಪಕ್ಕದಲ್ಲಿ ಮೇಲ್ಮುಖವಾದ ಬಾಣವೊಂದು ಮೂಡುತ್ತದೆ. ಬಾಣ ಮೂಡುವ ಮೊದಲೇ ಆ ತುಣುಕನ್ನು ಗುರುತಿಸಿ ಬಳಸಿದವರು ಜಾಣರು; ಮೂಡಿದ ಮೇಲೆ ಬಂದವರು ಹಿಂಬಾಲಕರು. 2024ರ ಆರಂಭದಲ್ಲಿ 1999ರ 'ಉಪೇಂದ್ರ' ಚಿತ್ರದ ಕರಿಮಣಿಯ ಹಾಡು ಇದ್ದಕ್ಕಿದ್ದಂತೆ ದೇಶದ ತುಂಬ ಹರಿದಾಡಿದಾಗ, ಮರಾಠಿ ಗೆಳೆಯರಿಗೆ ಅದರ ಅರ್ಥ ಬಿಡಿಸಿ ಹೇಳುವ ಅಪರೂಪದ ಅಧಿಕಾರ ನಮ್ಮ ಮನೆಯ ಮಕ್ಕಳಿಗೆ ದೊರೆಯಿತು. ಅಪ್ಪ ಅಮ್ಮಂದಿರಿಗೆ ಬಾಯಿಪಾಠವಾದ ಹಾಡು ಮಕ್ಕಳಿಗೆ ಹೊಚ್ಚ ಹೊಸತು! ಸಂಘಗಳು ಎಷ್ಟೋ ವರ್ಷ ಕನ್ನಡ ತರಗತಿ ನಡೆಸಿ ಹುಟ್ಟಿಸಲಾರದ ಕುತೂಹಲವನ್ನು ಮೂವತ್ತು ಸೆಕೆಂಡಿನ ತುಣುಕೊಂದು ಕೆಲವು ವಾರಗಳ ಮಟ್ಟಿಗೆ ಹುಟ್ಟಿಸಿತು.

ಹಾಗಾದರೆ ಮುಂದೆ ಏನು ಓಡುತ್ತದೆಂದು ಮೊದಲೇ ಕಾಣುವ ಕಣ್ಣು ನಿಜವಾಗಿ ಇದೆಯೇ? ಈ ಪ್ರಶ್ನೆಗೆ ನಮಗೆ ತಿಳಿದಿರುವ ಅತ್ಯುತ್ತಮ ಉತ್ತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಬಂದದ್ದು. ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು 14,341 ಜನರಿಗೆ, ಹೆಚ್ಚಿನವರನ್ನು ಹದಿಹರೆಯದವರ ಜಾಲತಾಣವೊಂದರಿಂದಲೇ ಕರೆತಂದು, ಯಾರೂ ಕೇಳಿರದ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಕೆಲವರಿಗೆ ಹಾಡುಗಳ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಬೇರೆ ಬೇರೆ 'ಲೋಕ'ಗಳಾಗಿ ವಿಂಗಡಿಸಿ, ತಮ್ಮ ಲೋಕದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರೆಂಬ ಲೆಕ್ಕ ತೋರಿಸಲಾಯಿತು. ಹಾಡುಗಳು ಅವೇ, ಕೇಳುವವರೂ ಒಂದೇ ಬಗೆಯವರು. ಆದರೂ ಒಂದು ಲೋಕದಲ್ಲಿ ಗೆದ್ದದ್ದು ಇನ್ನೊಂದರಲ್ಲಿ ಗೆಲ್ಲಲಿಲ್ಲ. ಬಹಳ ಒಳ್ಳೆಯ ಹಾಡು ಪೂರ್ತಿ ಸೋತದ್ದು ವಿರಳ, ಬಹಳ ಕೆಟ್ಟದ್ದು ಗೆದ್ದದ್ದು ವಿರಳ; ನಡುವಿನ ಎಲ್ಲಕ್ಕೂ ಏನು ಬೇಕಾದರೂ ಆಗಬಹುದಿತ್ತು. ಲೆಕ್ಕವನ್ನು ಎದ್ದು ಕಾಣುವಂತೆ ತೋರಿಸಿದಷ್ಟೂ ಗೆದ್ದವರಿಗೂ ಸೋತವರಿಗೂ ಇರುವ ಅಂತರ ಹೆಚ್ಚಿತು, ಯಾವುದು ಗೆಲ್ಲುತ್ತದೆಂದು ಹೇಳುವುದೂ ಕಷ್ಟವಾಯಿತು. ಈ ಅಧ್ಯಯನ 2006ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ನಮ್ಮ ಮಕ್ಕಳ ಆಟಕ್ಕೆ ಇದನ್ನು ಅನ್ವಯಿಸಿದರೆ ತಿಳಿಯುವುದೇನು? ಬರಲಿರುವ ಟ್ರೆಂಡು ಎಲ್ಲೋ ಸಿದ್ಧವಾಗಿದ್ದು ಅದನ್ನು ಚುರುಕುಕಣ್ಣಿನವರು ಹುಡುಕುತ್ತಾರೆ ಎಂಬುದು ಬಹುಪಾಲು ಭ್ರಮೆ. ಲೆಕ್ಕ ಕಾಣುತ್ತಿರುವುದರಿಂದಲೇ ಲೆಕ್ಕ ಏರುತ್ತದೆ. ಮೊದಲು ಬಂದ ಕೆಲವರ ಆಯ್ಕೆ ಉಳಿದವರಿಗೆ ದಾರಿಯಾಗುತ್ತದೆ. ಆ ಕೆಲವರು ಕಣ್ಣುಳ್ಳವರೇ ಆಗಿರಬೇಕಿಲ್ಲ, ಮೊದಲು ಬಂದಿದ್ದರೆ ಸಾಕು. ಸೋತ ಮಗುವಿಗೆ ಅದು ತನ್ನ ಅಭಿರುಚಿಯ ಕೊರತೆಯಾಗಿ ಕಾಣುವುದೇ ಇದರಲ್ಲಿನ ಕ್ರೌರ್ಯ. ಗೆಲ್ಲಲು ಇನ್ನಷ್ಟು ಮುಂದಕ್ಕೆ ಹೋಗುವವರೂ ಇದ್ದಾರೆ. 2024ರ ಜುಲೈಯಲ್ಲಿ ವಾಶಿ-ಪನ್ವೇಲಿಗೆ ಹೋಗುವ ಹಾರ್ಬರ್ ಮಾರ್ಗದ ಶಿವಡಿ ಸ್ಟೇಷನ್ನಿನಲ್ಲಿ ಓಡುವ ರೈಲಿಗೆ ಜೋತುಬಿದ್ದ ಹುಡುಗನೊಬ್ಬನ ವಿಡಿಯೋ ಹರಿದಾಡಿತು. ರೈಲ್ವೆಯವರು ಹುಡುಕಿಕೊಂಡು ಮನೆಗೆ ಹೋದಾಗ, ಅವನು ಅನಂತರ ಮಾಡಿದ ಅಂಥದೇ ಇನ್ನೊಂದು ಸಾಹಸದಲ್ಲಿ ಒಂದು ಕೈ, ಒಂದು ಕಾಲು ಕಳೆದುಕೊಂಡಿದ್ದ. ಜನ ಆ ಹಳೆಯ ವಿಡಿಯೋವನ್ನು ನೋಡುತ್ತಲೇ ಇದ್ದರು.

ಲೆಕ್ಕ ಮಾತ್ರ ವ್ಯರ್ಥವಾಗುವುದಿಲ್ಲ. ಅದನ್ನು ಓದುವವರು ಬೇರೆ ಕಡೆ ಇದ್ದಾರೆ, ನಮ್ಮವರೇ ಇದ್ದಾರೆ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಂತ್ರಾ, ಜಾಲದಲ್ಲಿ ಓಡುತ್ತಿರುವ ಉಡುಪಿನ ಚಿತ್ರಗಳನ್ನೂ ಮಾರಾಟದ ಅಂಕಿಗಳನ್ನೂ ಗಣಕಯಂತ್ರದಿಂದ ಓದಿಸಿ, ಬಟ್ಟೆಯ ವಿನ್ಯಾಸ ಮಾಡಿಸುವ 'ಮೋಡಾ ರಾಪಿಡೋ' ಎಂಬ ಬ್ರ್ಯಾಂಡನ್ನು ಹೊರತಂದಿತು. ಉಲ್ಲಾಸನಗರದ ದರ್ಜಿ ದುಡ್ಡು ಹಾಕಿ ಊಹಿಸುತ್ತಿದ್ದುದನ್ನು ಈಗ ಯಂತ್ರ ಊಹಿಸುತ್ತದೆ, ಅದೂ ಡೊಂಬಿವಲಿಯ ಹುಡುಗಿ ಬೆರಳಾಡಿಸಿ ಬಿಟ್ಟ ಗುರುತುಗಳಿಂದ. ಹೊಲಿದ ಬಟ್ಟೆ ಭಿವಂಡಿಯ ಗೋದಾಮುಗಳ ಮೂಲಕ ಅವಳದೇ ಬಾಗಿಲಿಗೆ ಬಂದರೂ ಬರಬಹುದು. ಜೀನ್ಸು ಬಣ್ಣ ಕಳೆದುಕೊಂಡಂತೆ ಕಾಣಬೇಕೆಂಬ ಟ್ರೆಂಡು ಬಂದಾಗಲೆಲ್ಲ ಅದನ್ನು ಹಗುರಗಲ್ಲು, ಬ್ಲೀಚು, ಪರ್ಮಾಂಗನೇಟುಗಳಲ್ಲಿ ತೊಳೆಯಬೇಕು. ಉಲ್ಲಾಸನಗರದ ಜೀನ್ಸ್ ತೊಳೆಯುವ ಘಟಕಗಳ ನೀಲಿ ನೀರು ವಾಲ್ಧುನಿ ನದಿಗೆ ಹರಿದು, ಇತರ ಕಾರ್ಖಾನೆಗಳ ಕೊಳೆಯೊಡನೆ ಸೇರಿ ಅದನ್ನು ನಾಲೆಯಾಗಿಸಿತು. ಮೊಕದ್ದಮೆ ಹಸಿರು ನ್ಯಾಯಮಂಡಳಿ, ಸುಪ್ರೀಂ ಕೋರ್ಟುಗಳವರೆಗೆ ಹೋಯಿತು. ಅನೇಕ ಘಟಕಗಳು ಮುಚ್ಚಿದವು. ಅಲ್ಲಿ ದುಡಿಯುತ್ತಿದ್ದವರು ಹೊರರಾಜ್ಯಗಳಿಂದ ಬಂದ ಬಡವರು. ಆ ನದಿ ಕಲ್ಯಾಣದ ಖಾರಿಯನ್ನು ಸೇರುತ್ತದೆ.

ಇನ್ನು ದಾಖಲೆಯ ಮಾತು. 2014ರ ಸೆಪ್ಟೆಂಬರ್ 30ರಂದು ಗೂಗಲ್ ಆರ್ಕುಟನ್ನು ಮುಚ್ಚಿತು. ತಮ್ಮ ಪುಟ, ಚಿತ್ರಗಳನ್ನು ಇಳಿಸಿಕೊಳ್ಳಲು ಬಳಕೆದಾರರಿಗೆ ಎರಡು ವರ್ಷ ಸಮಯವಿತ್ತು. ಹಳೆಯ ಪ್ರೀತಿಯ ಸಾಕ್ಷ್ಯವನ್ನು ಯಾರು ಇಳಿಸಿಕೊಳ್ಳುತ್ತಾರೆ? ಟಿಕ್‌ಟಾಕಿನ ನಿಷೇಧ 2021ರ ಜನವರಿಯಲ್ಲಿ ಕಾಯಮಾಯಿತು. ಘಣಸೋಲಿ, ಕಳವಾ, ಠಾಕುರ್ಲಿಗಳ ಹುಡುಗರು ಮಾಡಿದ ವಿಡಿಯೋಗಳು ಇಲ್ಲಿಂದ ಕಾಣದಂತಾದವು. ರೀಲ್ಸಿನಲ್ಲಿ ಒಂದು ಧ್ವನಿಯನ್ನು ಮೊದಲು ಹಾಕಿದವರ ಹೆಸರು 'ಮೂಲ ಧ್ವನಿ' ಎಂದು ಜೊತೆಗೆ ಬರುತ್ತದೆ. ಆದರೆ ಹೆಚ್ಚು ಹಿಂಬಾಲಕರುಳ್ಳ ಇನ್ನೊಬ್ಬರು ಅದನ್ನೇ ತಮ್ಮ ಖಾತೆಯಿಂದ ಮತ್ತೆ ಹಾಕಿದರೆ ಮುಂದೆ ಬಳಸುವವರಿಗೆ ಕಾಣುವುದು ಆ ಎರಡನೆಯವರ ಹೆಸರು. ಯಾರು ಮೊದಲು ಕಂಡರು ಎಂಬುದೇ ಆಟದ ತಿರುಳು. ಅದನ್ನು ಬರೆದಿಟ್ಟ ಪುಸ್ತಕ ಮಾತ್ರ ಆಡಿದವರದಲ್ಲ, ಊರಿನದೂ ಅಲ್ಲ. 2004ರಿಂದ 2020ರವರೆಗಿನ ನಮ್ಮ ಎಳೆಯರ ಬದುಕನ್ನು ಬರೆಯಹೊರಡುವ ಚರಿತ್ರಕಾರನಿಗೆ, ಆ ಮಕ್ಕಳ ಅಜ್ಜಂದಿರು ಊರಿನಿಂದ ಬರೆಸಿಕೊಂಡ ಇನ್‌ಲ್ಯಾಂಡ್ ಪತ್ರಗಳಷ್ಟು ಆಧಾರವೂ ಸಿಗಲಾರದು.

ಡೊಂಬಿವಲಿ, ಥಾಣೆ, ನವಿಮುಂಬಯಿಗಳ ಕನ್ನಡ ಸಂಘಗಳು ಸ್ಮರಣ ಸಂಚಿಕೆಗಳನ್ನು ಶ್ರದ್ಧೆಯಿಂದ ತರುತ್ತ ಬಂದಿವೆ. ಪದಾಧಿಕಾರಿಗಳ ಭಾವಚಿತ್ರ, ದಾನಿಗಳ ಪಟ್ಟಿ, ಯಕ್ಷಗಾನದ ವರದಿ ಅವುಗಳಲ್ಲಿ ದೊರೆಯುತ್ತವೆ. ಹದಿಹರೆಯದವರಿಗೂ ಒಂದು ಪುಟವಿರುತ್ತದೆ: ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಗಳಿಸಿದವರ ಅಂಚೆಚೀಟಿಯಷ್ಟು ಚಿತ್ರ, ಅದರಡಿಯಲ್ಲಿ ಹೆಸರು, ಶೇಕಡಾವಾರು. ಮುಂದಿನ ಸಂಚಿಕೆಯ ಸಂಪಾದಕರು ಆ ಮಕ್ಕಳನ್ನು ಕೂರಿಸಿಕೊಂಡು, ಆ ವರ್ಷ ಅವರು ಯಾವ ಹಾಡಿಗೆ ಕುಣಿದರು, ಅದನ್ನು ಅವರಿಗೆ ಮೊದಲು ತೋರಿಸಿದವರು ಯಾರು ಎಂದು ಕೇಳಿ ಅರ್ಧ ಪುಟ ಬರೆದುಕೊಳ್ಳಬಹುದು. ಕಾಗದ, ಶಾಯಿ ಎರಡೂ ನಮ್ಮವೇ.